ಮೋಡ ಕಟ್ಯಾದ, ಕುಬಸಕ್ಕ ಹೋಗೋದಾ ಬ್ಯಾಡಾ?

ಮಧ್ಯಾಹ್ನ ಎರಡು ಗಂಟೆ. ಬುತ್ತಿ ಕಟ್ಟಿಯಾಗಿದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಚಟ್ನಿಪುಡಿ ಎಲ್ಲಾ ಡಬ್ಬಿ ಸೇರಿವೆ. ಹಸಿರು ಸೀರೆ, ಹಸಿರು ಬಳೆ ಚೀಲದಲ್ಲಿವೆ. ಕಲಬುರಗಿಯಲ್ಲಿರುವ ನಾದಿನಿಯ ಮಗಳ ಕುಬಸ. ನೀವಿರುವುದು ಜೇವರ್ಗಿ ತಾಲೂಕಿನ ಅಂದೋಲಾದಲ್ಲಿ. ಹೊರಗೆ ಬಂದು ನೋಡಿದರೆ ಮುಗಿಲು ಕರ್ರಗೆ ಇಳಿದಿದೆ, ಗಾಳಿ ಧೂಳೆಬ್ಬಿಸುತ್ತಿದೆ. ಮನೆಯವರು ಬೈಕಿನ ಕೀಲಿ ಹಿಡಿದು, "ಲಗೂ ನಡಿ, ಮಳಿ ಬರೋದ್ರಾಗ ಮುಟ್ಟಿಬಿಡಮು" ಅನ್ನುತ್ತಿದ್ದಾರೆ. ನಿಮ್ಮ ಎದೆ ಮಾತ್ರ ಡವಡವ!

ಈಗ ಏನು ಮಾಡ್ತೀರಿ? ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿ ಸುಮ್ಮನೆ ಸೆರಗು ಸುತ್ತಿಕೊಂಡು ಹಿಂದಿನ ಸೀಟಿಗೆ ಹತ್ತುತ್ತೇವೆ. ಗಾಡಿ ಓಡಿಸುವವರು ಅವರು, ಹೋಗೋದು ಬಿಡೋದು ಅವರಿಗೆ ಬಿಟ್ಟದ್ದು ಎಂಬ ರೂಢಿ. ಆದರೆ ಕುಬಸಕ್ಕೆ ಹೋಗದಿದ್ದರೆ ಮಾತು ಕೇಳಬೇಕಾದವರು ಯಾರು ಹೇಳಿ? ನೀವೇ. "ಅತ್ತಿಗಿ ಬರಲೇ ಇಲ್ಲ ನೋಡ್ರಿ" ಅಂತ ನಾಲ್ಕು ಜನರ ಮುಂದೆ ಅನ್ನಿಸಿಕೊಳ್ಳುವವರೂ ನೀವೇ. ಹಾಗಾಗಿ ಹೋಗಬೇಕೋ ಬೇಡವೋ ಎಂಬ ಮಾತಿನಲ್ಲಿ ನಿಮ್ಮದೂ ಪಾಲಿದೆ. ನಿಮ್ಮ ಜೀವದ ಮಾತಂತೂ ಇದ್ದೇ ಇದೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇವತ್ತು ಹೋಗದೆ ನಾಳೆ ಹೋದರೆ ಏನು ಕೆಡುತ್ತದೆ? ಹೆರಿಗೆ ನೋವು, ಎದೆನೋವು, ಮಗುವಿಗೆ ಜ್ವರ ಏರಿದ್ದು ಇವೆಲ್ಲ ಬೇರೆ ಲೆಕ್ಕ. ಆಗಲೂ ಬೈಕಿಗಿಂತ 108ಕ್ಕೆ ಫೋನ್ ಮಾಡುವುದೇ ಮೇಲು. ಕುಬಸ, ಗೃಹಪ್ರವೇಶ, ಜವಳಿ ಖರೀದಿ, ಅಮಾವಾಸ್ಯೆಯ ಗಾಣಗಾಪುರ ದರ್ಶನ ಇವು ಯಾವುವೂ ಒಂದು ರಾತ್ರಿಯಲ್ಲಿ ಕೆಟ್ಟುಹೋಗುವಂಥವಲ್ಲ. ಕೆಡುವುದು ಬುತ್ತಿ! ನಗಬೇಡಿ, ಬಹಳ ಮನೆಗಳಲ್ಲಿ ನಿರ್ಧಾರ ಮಾಡುವುದು ಅದೇ. "ಇಷ್ಟೆಲ್ಲಾ ಮಾಡೀನಿ, ಈಗ ಬ್ಯಾಡಂದ್ರ ಹ್ಯಾಂಗ?" ಎಂಬ ಸಂಕಟ ಮಾಡಿದ ಕೈಗೇ ಗೊತ್ತು. ಬೆಳಗಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದ ಶ್ರಮ ಸುಳ್ಳಲ್ಲ. ಆದರೆ ಆ ಶ್ರಮ ಆಗಲೇ ಮುಗಿದಿದೆ, ನೀವು ಹೋದರೂ ಮುಗಿದಿದೆ, ಹೋಗದಿದ್ದರೂ ಮುಗಿದಿದೆ. ಸಜ್ಜೆ ರೊಟ್ಟಿಯೂ ಶೇಂಗಾ ಹೋಳಿಗೆಯೂ ನಾಳೆಗೂ ಇರುತ್ತವೆ. ಎಣ್ಣೆಗಾಯಿಯನ್ನು ಅಕ್ಕಪಕ್ಕದ ಮನೆಗೆ ಹಂಚಿದರಾಯಿತು.

ಎರಡನೆಯದು, ಇದು ಎಂಥ ಮಳೆ ಅಂತ ನೋಡಬೇಕು. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಬೇರೆ, ಹಿಂಗಾರಿನ ಮಳೆ ಬೇರೆ. ಬೇಸಿಗೆಯದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇರಿ ಮೋಡವಾಗಿ, ಬಿರುಗಾಳಿ, ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು ಎಲ್ಲಾ ಒಟ್ಟಿಗೇ ಸುರಿದು, ಬಹಳ ಸಲ ಒಂದೆರಡು ತಾಸಿನಲ್ಲಿ ತಣ್ಣಗಾಗುತ್ತದೆ. ಇಂಥ ದಿನಗಳಲ್ಲಿ ಊರಿಗೆ ಹೋಗುವುದಿದ್ದರೆ ಬೆಳಿಗ್ಗೆಯೇ ಹೊರಡಿ. ತಡವಾಯಿತೋ, ಮಳೆ ನಿಲ್ಲುವ ತನಕ ಕೂತುಬಿಡಿ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯ ದಾರಿಯೇ ಬೇರೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಬಂದ ಮಳೆ ಎರಡು ಮೂರು ದಿನ ಹಿಡಿದು ಕೂರಬಹುದು. ಅಲ್ಲಿ ತಾಸೆರಡು ತಾಸು ಕಾದು ಪ್ರಯೋಜನವಿಲ್ಲ, ದಿನವನ್ನೇ ಮುಂದೂಡಬೇಕು.

2020ನೇ ಇಸವಿ ನೆನಪಿದೆಯಲ್ಲ? ಅಕ್ಟೋಬರ್ 13ರಂದು ಆಂಧ್ರದ ಕಾಕಿನಾಡ ಹತ್ತಿರ ದಡ ಸೇರಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಕಡೆಗೆ ಬಂತು. ಹೈದರಾಬಾದಿನ ಬೀದಿಗಳಲ್ಲಿ ಕಾರುಗಳು ಆಟಿಕೆಯಂತೆ ತೇಲಿದ್ದನ್ನು ಟಿವಿಯಲ್ಲಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದೆವು. ದಸರಾ ಎದುರಿಗಿತ್ತು, ಜವಳಿಗೆ, ದಿನಸಿಗೆ ಪೇಟೆಗೆ ಹೋಗುವ ಕಾಲ. ಅಷ್ಟರಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜ್ ದಾಟಿ ಬಂದು ಭೀಮಾ ಉಕ್ಕಿದಳು. ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಳೆದಂಡೆಯ ಊರಿನವರು ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಬೇಕಾಯಿತು. ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ನಮ್ಮೂರಲ್ಲಿ ಬಿಸಿಲು ಬಿದ್ದಿದ್ದರೂ ಹೊಳೆ ಏರುತ್ತಿರಬಹುದು, ಯಾಕೆಂದರೆ ನೀರು ಬರುವುದು ಮೇಲಿನಿಂದ. ನೀವು ಅಂದೋಲಾದಿಂದ ಜೇವರ್ಗಿ ಹಾಯ್ದು ಕಲಬುರಗಿಗೆ ಹೋಗುವಾಗ ಕಟ್ಟಿಸಂಗಾವಿ ಹತ್ತಿರ ದಾಟುವುದು ಇದೇ ಭೀಮಾ ನದಿಯನ್ನು. ಹೋಗುವಾಗ ದಾಟಿದರೂ ಬರುವಾಗ ಹೇಗೆ ಎಂಬುದನ್ನೂ ಮನೆಯಲ್ಲೇ ಯೋಚಿಸಬೇಕು.

ದೊಡ್ಡ ಹೊಳೆಗಿಂತ ನಮಗೆ ಹೆಚ್ಚು ಭಯ ಸಣ್ಣ ಹಳ್ಳಗಳದ್ದು. ಬೆಳಿಗ್ಗೆ ಪಾದ ತೋಯದ ಹಳ್ಳ ಸಂಜೆ ಕಿರುಸೇತುವೆಯ ಮೇಲೆ ಹರಿಯುತ್ತಿರುತ್ತದೆ. "ಮೊಣಕಾಲಮಟ ಅದ, ಏನಾಗಂಗಿಲ್ಲ ಬಾ" ಅನ್ನುವವರು ಅಲ್ಲಿ ಒಬ್ಬರಾದರೂ ಇರುತ್ತಾರೆ. ಹರಿಯುವ ನೀರು ಬರೀ ಅರ್ಧ ಅಡಿ ಇದ್ದರೂ ನಡೆಯುವವರ ಕಾಲು ಕೀಳಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡು ಅಡಿ ನೀರು ಬಹುತೇಕ ಗಾಡಿಗಳನ್ನು ಒಯ್ಯುತ್ತದೆ. ಮೊಣಕಾಲಮಟ ಅಂದರೆ ಎಷ್ಟಾಯಿತು, ನೀವೇ ಅಳೆದುಕೊಳ್ಳಿ! ಮೇಲಾಗಿ ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಯಾರಿಗೆ ಕಾಣುತ್ತದೆ?

ಇದು ಹಳ್ಳಿಯ ಕಷ್ಟ ಮಾತ್ರ ಅಂದುಕೊಳ್ಳಬೇಡಿ. 2023ರ ಮೇ 21, ಭಾನುವಾರ. ಬೆಂಗಳೂರು ನೋಡಲು ಬಂದಿದ್ದ ಕುಟುಂಬವೊಂದು ಬಾಡಿಗೆ ಕಾರಿನಲ್ಲಿತ್ತು. ಜೋರು ಮಳೆ. ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಕಾರು ಇಳಿಯಿತು, ಅಲ್ಲೇ ನಿಂತಿತು, ನೀರು ಒಳನುಗ್ಗಿತು. ಉಳಿದವರನ್ನು ಹೊರಗೆಳೆದರು, ಆ ಮನೆಯ ಯುವತಿಯೊಬ್ಬಳು ಉಳಿಯಲಿಲ್ಲ. ವಿಧಾನಸೌಧದ ಪಕ್ಕದಲ್ಲೇ ಹೀಗಾಯಿತು. ಅವರು ಹೊರಟಿದ್ದು ಊರು ನೋಡಲಿಕ್ಕೆ.

ಇನ್ನು ಸಿಡಿಲಿನ ಮಾತು. ಮುಚ್ಚಿದ ಕಾರು, ಬಸ್ಸಿನ ಒಳಗಿದ್ದರೆ ಲೋಹದ ಮೈ ಸಿಡಿಲನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಬೈಕು, ಸ್ಕೂಟಿ, ಟ್ರ್ಯಾಕ್ಟರ್, ಟಂಟಂಗೆ ಆ ಕವಚವಿಲ್ಲ. ಟೈರು ರಬ್ಬರಿನದು, ಏನಾಗುವುದಿಲ್ಲ ಅನ್ನುವುದು ಸುಳ್ಳು. ನಮ್ಮ ಎರೆಹೊಲಗಳ ನಡುವಿನ ರಸ್ತೆಯಲ್ಲಿ ಮೈಲುಗಟ್ಟಲೆ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ, ಅಲ್ಲೊಂದು ಬೇವಿನ ಮರ ಬಿಟ್ಟರೆ. ಎಲ್ಲರೂ ಓಡುವುದೂ ಆ ಮರದ ಕೆಳಗೇ, ಅದೇ ತಪ್ಪು. ಮಿಂಚಿದ ಕೂಡಲೇ ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗೇ ಇದೆ. ಆಗ ಮನೆ ಬಿಡಬಾರದು. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆದ ಮೇಲೆ ಹೊರಡಬಹುದು.

ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ಧಾರಾವಾಹಿ ನೋಡುವ ಅದೇ ಮೊಬೈಲಿನಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆಯನ್ನೂ ನೋಡಿ. ಹಳದಿ ಅಂದರೆ ಗಮನವಿರಲಿ, ಕಿತ್ತಳೆ ಅಂದರೆ ಸಿದ್ಧರಾಗಿರಿ. ಕಿತ್ತಳೆ ಇದ್ದ ದಿನ ಕುಬಸದ ಮಾತು ಬಿಡಿ, ಕೆಂಪು ಇದ್ದರಂತೂ ಕೇಳಲೇಬೇಡಿ. ಸಿಡಿಲಿಗೆಂದೇ 'ದಾಮಿನಿ' ಎಂಬ ಆ್ಯಪ್ ಇದೆ, ಮಗನಿಗೋ ಮಗಳಿಗೋ ಹೇಳಿ ಹಾಕಿಸಿಕೊಳ್ಳಿ. ಇನ್ನೂ ಸುಲಭದ್ದು ಬೇಕೇ? ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿ. ದಿನಾ ಆ ದಾರಿಯಲ್ಲಿ ಓಡಾಡುವ ಬಸ್ ಚಾಲಕರೇ ನಿಲ್ಲಿಸಿದ್ದಾರೆ ಎಂದರೆ, ಟಂಟಂನವನು "ನಾ ಒಯ್ತೀನಿ ಕೂಡ್ರಿ" ಅಂದರೂ ಕೂಡಬೇಡಿ. ಬಸ್ ಓಡುತ್ತಿದ್ದರೆ ಬೈಕಿಗಿಂತ ಅದೇ ಒಳ್ಳೆಯದು, 2023ರ ಜೂನಿನಿಂದ ನಮಗೆ ಟಿಕೆಟ್ಟೂ ಇಲ್ಲ.

ಬೈಕಿನಲ್ಲಿ ಹೊರಟಾಗಲೇ ಹನಿ ಬಿತ್ತು ಅನ್ನಿ. ದಯವಿಟ್ಟು ಹಿಂದೆ ಕೂತು ಛತ್ರಿ ಬಿಚ್ಚಬೇಡಿ. ಗಾಳಿಗೆ ಛತ್ರಿ ಹಾಯಿಯಂತೆ ಹಿಗ್ಗಿ ನಿಮ್ಮನ್ನೇ ಹಿಂದಕ್ಕೆ ಎಳೆಯುತ್ತದೆ. ಮಡಿಲಲ್ಲಿ ಕೂಸು, ಒಂದು ಕೈಯಲ್ಲಿ ಛತ್ರಿ, ಗಾಳಿಗೆ ಹಾರುವ ಸೆರಗು, ಇದನ್ನು ದಿನಾ ನೋಡುತ್ತೇವೆ. ಹತ್ತಿರದ ಊರಲ್ಲಿ ಶಾಲೆಯೋ ಗುಡಿಯೋ ಹೋಟೆಲ್ಲೋ ಸಿಕ್ಕರೆ ನಿಲ್ಲಿ. ಮೊದಲ ಹನಿಗಳು ರಸ್ತೆಯ ಧೂಳು, ಎಣ್ಣೆಗೆ ಕೂಡಿ ಬಹಳ ಜಾರುತ್ತವೆ. ಟ್ರ್ಯಾಕ್ಟರ್ ಗಾಲಿಗಳು ಎರೆಮಣ್ಣು ತಂದು ಹಾಕಿದ ಕಡೆಯಂತೂ ಬೆಣ್ಣೆ ಮೆತ್ತಿದ ಹಾಗೆ. ವಿದ್ಯುತ್ ತಂತಿ ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನ್ ಮಾಡಿ.

ಮನೆಯವರಿಗೆ ಬೇಡ ಅನ್ನುವುದು ಹೇಗೆ? "ನಿಮಗ ಗಾಡಿ ಹೊಡೀಲಾಕ ಬರಂಗಿಲ್ಲೇನು" ಎಂಬಂತೆ ಕೇಳಿಸಿದರೆ ಜಗಳ ಖಂಡಿತ. "ನನಗ ಅಂಜಿಕಿ ಆಗ್ಲಾಕತ್ತದ್ರಿ, ನಾ ಇವತ್ತ ಕೂಡಂಗಿಲ್ಲ" ಅಂತ ನಿಮ್ಮ ಮಾತನ್ನು ನಿಮ್ಮದಾಗಿಯೇ ಹೇಳಿ. ಅಂಜುಬುರುಕಿ ಅಂದಾರು, ಅನ್ನಲಿ ಬಿಡಿ. ನಾದಿನಿಗೆ ಫೋನನ್ನೂ ನೀವೇ ಮಾಡಿ, ಅದೂ ಬೇಗ. ಪಂಕ್ತಿ ಕೂರುವ ಹೊತ್ತಿಗೆ ಮಾಡಿದರೆ ಅವರಿಗೆ ಸಿಟ್ಟು ಬರುವುದು ಸಹಜ. "ಯವ್ವಾ, ಮಳಿ ಹಿಡದದ, ನಾಳಿ ಬುತ್ತಿ ತಗೊಂಡೇ ಬರ್ತೀನಿ, ಹುಡುಗಿಗಿ ಹೇಳು" ಅಂದರೆ ಕರಗದ ಮನಸ್ಸಿದೆಯೇ?

ಕಾರ್ಯಕ್ರಮ ನಿಮ್ಮ ಮನೆಯದೇ ಆಗಿದ್ದರೆ ಕೆಲಸ ಇನ್ನೂ ಸುಲಭ. ಮುಗಿಲು ಕಪ್ಪಾದ ಕೂಡಲೇ ದೂರದೂರಿನವರಿಗೆ ನೀವೇ ಫೋನ್ ಮಾಡಿ, "ಇವತ್ತ ಬರಬ್ಯಾಡ್ರಿ, ಮಳಿ ನಿಂತ ಮ್ಯಾಲ ಬರ್ರಿ" ಅಂದುಬಿಡಿ. ಬೀಗರ ಎದುರು ಹೆಸರು ಕೆಡುತ್ತದೆಂದು ಅಂಜಿ ಗಾಡಿ ಹತ್ತುವ ಎಷ್ಟೋ ಹೆಂಗಸರಿಗೆ ಬೇಕಾಗಿರುವುದು ಆ ಒಂದು ಫೋನು. ಬಂದವರು ಊಟ ಮುಗಿಸಿ ರಾತ್ರಿ ಹೊರಟು ನಿಂತಾಗ ಗುಡುಗು ಕೇಳಿದರೆ ಚಪ್ಪಲಿ ಹಾಕಿಕೊಳ್ಳಲು ಬಿಡಬೇಡಿ. ನಡುಮನೆಯಲ್ಲಿ ಚಾಪೆ ಹಾಸಿ, ಇದ್ದ ಹೊದಿಕೆ ಕೊಡಿ. ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಾರೆ.