ಅರಸಾಳಿನಲ್ಲಿ ನಿಂತುಹೋದ ರೈಲು

ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಸಿದ್ಧವಾದಾಗ ಮಲೆನಾಡಿಗರು ಹಿಗ್ಗಿದ್ದು ಸಹಜವೇ. ಎಂಬತ್ತರ ದಶಕದಲ್ಲಿ ಶಂಕರನಾಗ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನು ಕಿರುತೆರೆಗೆ ತಂದಾಗ ಮಾಲ್ಗುಡಿಯ ನಿಲ್ದಾಣವಾಗಿ ಕಂಡದ್ದು ಇದೇ ಕಟ್ಟಡ. ಅದು ನೆಲಸಮವಾಗದೆ ಉಳಿಯಿತು. ಪಕ್ಕದಲ್ಲಿ ಮೀಟರ್ ಗೇಜಿನ ಹಳೆಯ ಬೋಗಿಯನ್ನೂ ತಂದು ನಿಲ್ಲಿಸಲಾಯಿತು. ಇದಿಷ್ಟನ್ನೇ ಪರಂಪರೆಯ ರಕ್ಷಣೆ ಎಂದು ಒಪ್ಪಿಕೊಳ್ಳಬೇಕೇ ಎಂಬುದು ನನ್ನ ಪ್ರಶ್ನೆ.

ಸೊರಬ ತಾಲ್ಲೂಕಿನ ನಮ್ಮ ಜಡೆಯಿಂದ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಬೋಗಿ ಹತ್ತಿ ಕಿಟಕಿಯ ಬಳಿ ಕುಳಿತ ಹುಡುಗನೊಬ್ಬ ‘ಇದು ಹೊರಡೋದು ಯಾವಾಗ?’ ಎಂದು ಕೇಳಿದ. ರೈಲನ್ನೇ ಕಾಣದ ತಾಲ್ಲೂಕಿನ ಮಗು ಇನ್ನೇನು ಕೇಳೀತು!

1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲು ಬಂತು. ಅದೇ ವರ್ಷ ನೀಲಗಿರಿಯಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ ಅಷ್ಟೇ ಅಗಲದ ಹಳಿಯ ಮೇಲೆ ಉಗಿಬಂಡಿ ಹತ್ತಿತು. ಆ ಬಂಡಿ ಇಂದಿಗೂ ಹಲ್ಲುಹಳಿ ಕಚ್ಚಿಕೊಂಡು ಬೆಟ್ಟವೇರುತ್ತಿದೆ. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನಮ್ಮ ಮಾರ್ಗ ತಾಳಗುಪ್ಪದವರೆಗೆ ಬೆಳೆದು, ಕೊನೆಗಾಲದಲ್ಲಿ ರೈಲ್‌ಬಸ್ಸಿಗಿಳಿದು, 2011ರ ಹೊತ್ತಿಗೆ ಪೂರ್ತಿ ಬ್ರಾಡ್‌ಗೇಜ್ ಆಯಿತು. ಇನ್ನೂ ಕಿರಿದಾದ, ಎರಡೇ ಅಡಿ ಅಗಲದ ತರೀಕೆರೆ–ನರಸಿಂಹರಾಜಪುರ ಟ್ರಾಂ ಹಳಿಯಂತೂ ಹಿರಿಯರ ನೆನಪಿನಿಂದಲೂ ಮರೆಯಾಗಿದೆ.

ಬ್ರಾಡ್‌ಗೇಜ್ ಬಂದದ್ದು ತಪ್ಪೆಂದು ಯಾರೂ ಹೇಳಲಾರರು. ಬೆಂಗಳೂರಿಗೆ ನೇರ ರೈಲು ಸಿಕ್ಕ ಸಾಗರದವರು ಹಳೆಯ ಹಳಿಗಾಗಿ ಕಣ್ಣೀರಿಡಬೇಕಾಗಿಯೂ ಇಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗವನ್ನು ನಮ್ಮ ಭಾಗದವರು ಕಾಯುತ್ತಿರುವುದೂ ದಿನನಿತ್ಯದ ಓಡಾಟಕ್ಕಾಗಿ, ವಿಹಾರಕ್ಕಲ್ಲ.

ಆದರೆ ನೀಲಗಿರಿಯ ಉಳಿವಿಗೆ ಹಳಿ, ಬೋಗಿಗಳಷ್ಟೇ ಕಾರಣವಲ್ಲ. ಬಾಯ್ಲರಿನ ಕೊಳವೆ ಬದಲಿಸಬಲ್ಲ, ಉಗಿಯ ಒತ್ತಡ ಕಾಯ್ದುಕೊಳ್ಳಬಲ್ಲ ಕೈಗಳು ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದುಬಂದಿವೆ. ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಈ ಶತಮಾನದಲ್ಲೂ ಆ ಮಾರ್ಗಕ್ಕೆ ಹೊಸ ಉಗಿಯಂತ್ರಗಳನ್ನು ಕಟ್ಟಿಕೊಟ್ಟಿದೆ. ಯಂತ್ರವನ್ನು ಗಾಜಿನ ಹಿಂದೆ ಇಡಬಹುದು, ಕಸುಬನ್ನು ಇಡಲಾಗದು.

ಮೀಟರ್ ಗೇಜ್ ಹಳಿಯನ್ನು ಮತ್ತೆ ಹಾಸಿ ಎಂದು ನಾನು ಕೇಳುತ್ತಿಲ್ಲ. ಅದಕ್ಕೆ ಕಾಡನ್ನೂ ಹೊಲವನ್ನೂ ಬಲಿಕೊಡಬೇಕಾದೀತು. ಉಗಿಬಂಡಿಗೆ ಕಿರಿದಾದ ಹಳಿಯೇ ಬೇಕೆಂದೇನೂ ಇಲ್ಲ. 1855ರ ‘ಫೇರಿ ಕ್ವೀನ್’ ಓಡಿದ್ದು ಬ್ರಾಡ್‌ಗೇಜಿನ ಮೇಲೆಯೇ. ಹರಿಯಾಣದ ರೇವಾಡಿಯ ಶೆಡ್ಡಿನಲ್ಲಿ ಅಂಥ ಯಂತ್ರಗಳನ್ನು ಓಡುವ ಸ್ಥಿತಿಯಲ್ಲಿ ಇಡುವ ಕೆಲಸ ನಡೆದುಬಂದಿದೆ. ಅಲ್ಲಿಂದ ಒಂದನ್ನು ಪಡೆದು, ರೈಲುಗಳ ದಟ್ಟಣೆ ಕಡಿಮೆಯಿರುವ ಈ ಮಾರ್ಗದಲ್ಲಿ ತಿಂಗಳಿಗೊಮ್ಮೆ ಓಡಿಸಲು ಅಡ್ಡಿಯೇನು? ವೆಚ್ಚ ಹೆಚ್ಚು, ನಿಜ. ಟಿಕೆಟ್ಟಿನ ಹಣದಿಂದಲೇ ಅದು ಹುಟ್ಟಲಾರದು. ಜೋಗದ ಪ್ರವಾಸೋದ್ಯಮಕ್ಕೆ ಕೋಟಿಗಟ್ಟಲೆ ಸುರಿಯುವ ರಾಜ್ಯ ಸರ್ಕಾರ ಪಾಲು ಹೊರಬೇಕು. ದಿನನಿತ್ಯದ ಪ್ರಯಾಣಿಕರ ಒಂದು ರೈಲೂ ಇದಕ್ಕಾಗಿ ರದ್ದಾಗಕೂಡದು. ಭದ್ರಾವತಿ, ಶಿವಮೊಗ್ಗಗಳ ಐಟಿಐ ಹುಡುಗರಿಗೆ ಬಾಯ್ಲರಿನ ಕೆಲಸ ಕಲಿಸುವುದು ಯೋಜನೆಯ ಭಾಗವಾಗಬೇಕು. ಕಿಡಿ ಹಾರಿ ಕಾಡಿಗೆ ಬೆಂಕಿ ಬೀಳುವ ಬೇಸಗೆಯಲ್ಲಿ ಬೇಡ, ಮಳೆ ಹಿಂದಾದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಓಡಿದರೆ ಸಾಕು. ಸಾಗರ, ಸೊರಬಗಳ ಜನಪ್ರತಿನಿಧಿಗಳು ಮೈಸೂರು ರೈಲ್ವೆ ವಿಭಾಗದ ಮುಂದೆ ಇಷ್ಟನ್ನಾದರೂ ಲಿಖಿತವಾಗಿ ಇಡಲಿ.