ಹಳೆಯ ಶುಭಾಶಯಪತ್ರಗಳನ್ನು ರದ್ದಿಗೆ ಹಾಕುವ ಮುನ್ನ

ಡಿಸೆಂಬರ್ ಮುಗಿದು ಸಂಕ್ರಾಂತಿ ಸಮೀಪಿಸುವ ಹೊತ್ತಿಗೆ ನಗರವಾಸಿಗಳಾದ ನಮ್ಮ ಮನೆಗಳಲ್ಲಿ ಕಪಾಟುಗಳನ್ನು ಶುಚಿಗೊಳಿಸುವ ಕಾರ್ಯ ಆರಂಭವಾಗುತ್ತದೆ. ಆಗ ಯಾವುದೋ ಮೂಲೆಯಿಂದ ಹಳೆಯ ಮಿಠಾಯಿ ಡಬ್ಬವೊಂದು ಹೊರಬರುತ್ತದೆ. ಅದರಲ್ಲಿ ಹಿಂದೊಮ್ಮೆ ಕಚೇರಿಯ ಗೆಳೆಯರು ಕಳುಹಿಸಿದ ಕ್ರಿಸ್‌ಮಸ್ ಕಾರ್ಡುಗಳು, ಹೊಸವರ್ಷದ ಕಾರ್ಡುಗಳು, ಕುಸುರೆಳ್ಳಿನ ಪುಟ್ಟ ಪೊಟ್ಟಣ ಅಂಟಿಸಿದ ಸಂಕ್ರಾಂತಿಯ ಕಾರ್ಡುಗಳು, ಗಣಪತಿಯ ಚಿತ್ರವುಳ್ಳ ಲಗ್ನಪತ್ರಿಕೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಇಡಲು ಸ್ಥಳವಿಲ್ಲ, ಎಸೆಯಲು ಮನಸ್ಸಿಲ್ಲ. ಕೊನೆಗೆ ರದ್ದಿಯವನ ತಕ್ಕಡಿಯೇ ತೀರ್ಪು ಕೊಡುತ್ತದೆ. ಈ ತೀರ್ಪು ಸರಿಯಲ್ಲವೆಂದೂ, ಆ ಡಬ್ಬವನ್ನು ಮೊದಲು ಮನೆಯ ಮಕ್ಕಳ ಮುಂದೆ ತೆರೆದಿಡಬೇಕೆಂದೂ ವಾದಿಸುವುದು ಈ ಲೇಖನದ ಉದ್ದೇಶ.

ನಾನು ಮುಂಬಯಿಯಲ್ಲಿ ನೌಕರಿ ಮುಗಿಸಿ ಈಗ ನಾಸಿಕದ ಗಂಗಾಪುರ ರಸ್ತೆಯಲ್ಲಿ ಮಗಳ ಮನೆಯಲ್ಲಿರುವವನು. ಗಂಗಾಪುರವೆಂದೊಡನೆ ನಮ್ಮವರು ಕಲಬುರಗಿ ಜಿಲ್ಲೆಯ ದತ್ತಕ್ಷೇತ್ರ ಗಾಣಗಾಪುರವೆಂದು ತಿಳಿದು ಕೈಮುಗಿಯುವುದುಂಟು. ಇದು ಗೋದಾವರಿಗೆ ಅಣೆಕಟ್ಟು ಕಟ್ಟಿರುವ ಗಂಗಾಪುರ. ಇನ್ನೊಂದು ಗಂಗಾಪುರ, 2023ರ ವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು ಕೇಂದ್ರ. ಈ ಎರಡೂ ಸೀಮೆಗಳಿಗೆ ಕಾಗದದೊಡನೆ ನಂಟಿದೆ. ನಮ್ಮ ಪತ್ರಗಳಿಗೆ ಹಚ್ಚಿದ ಅಂಚೆಚೀಟಿಗಳನ್ನು ಮುದ್ರಿಸಿದ ಭಾರತ ಭದ್ರತಾ ಮುದ್ರಣಾಲಯ 1925ರಲ್ಲಿ ನಾಸಿಕ್ ರೋಡ್‌ನಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಮುನ್ನ ಅಂಚೆಚೀಟಿಗಳು ಲಂಡನ್ನಿನಿಂದ ಬರುತ್ತಿದ್ದವು. ಅತ್ತ ದೌಲತಾಬಾದಿನ ಬಳಿಯ ಕಾಗಜೀಪುರ ಕೈಕಾಗದಕ್ಕೆ ಹೆಸರಾದ ಊರು. ತುಘಲಕನು ರಾಜಧಾನಿಯನ್ನು ದೌಲತಾಬಾದಿಗೆ ತಂದ ಕಾಲದಲ್ಲಿ ಬಂದ ಕುಶಲಿಗಳಿಂದ ಆ ಕಸುಬು ಬೆಳೆಯಿತೆಂದು ಅಲ್ಲಿಯವರು ಹೇಳುತ್ತಾರೆ. ಹಳೆಯ ಚಿಂದಿಯನ್ನು ನೆನೆಸಿ, ಕುಟ್ಟಿ, ಮತ್ತೆ ಕಾಗದವಾಗಿಸುವುದು ಆ ವಿದ್ಯೆಯ ಮೂಲ. ಬೇಡವಾದ ವಸ್ತುವಿಗೆ ಮರುಹುಟ್ಟು ನೀಡುವ ಕಲೆ ನಮಗೆ ಹೊಸತೇನಲ್ಲ.

ಕ್ರಿಸ್‌ಮಸ್ ಕಾರ್ಡಿನ ಇತಿಹಾಸವೂ ಸ್ವಾರಸ್ಯವುಳ್ಳದ್ದು. ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಅಷ್ಟೂ ಮಂದಿ ಮಿತ್ರರಿಗೆ ಕೈಯಾರೆ ಪತ್ರ ಬರೆಯಲು ಬಿಡುವಿರಲಿಲ್ಲ. 1843ರಲ್ಲಿ ಆತ ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಯಿಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಿಂದ ಬಣ್ಣ ತುಂಬಿಸಿದ. ಅದೇ ಮೊದಲ ಕ್ರಿಸ್‌ಮಸ್ ಕಾರ್ಡು. ಅದೇ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೆರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದ. ಅದೂ ಕಲ್ಲಚ್ಚಿನಲ್ಲಿಯೇ ಅಚ್ಚಾದುದು. ಮುಂದೆ ಕಾರ್ಡುಗಳು ಪರೋಪಕಾರಕ್ಕೂ ಒದಗಿದವು. ಯುನಿಸೆಫ್ ಸಂಸ್ಥೆಯ ಮೊದಲ ಕಾರ್ಡಿಗೆ ಆಧಾರವಾದುದು ಝೆಕೊಸ್ಲೊವಾಕಿಯಾದ ಏಳು ವರ್ಷದ ಬಾಲಕಿಯೊಬ್ಬಳ ಚಿತ್ರ. ನಮ್ಮ ಮುಂಬಯಿಯಲ್ಲಿಯೇ 1979ರಲ್ಲಿ ರಿಪ್ಪನ್ ಕಪೂರ್ ಮತ್ತು ಗೆಳೆಯರು ಐವತ್ತು ರೂಪಾಯಿಗಳಿಂದ ಆರಂಭಿಸಿದ ‘ಕ್ರೈ’ ಸಂಸ್ಥೆಯು ಕಾರ್ಡುಗಳನ್ನು ಮಾರಿ ಬಡಮಕ್ಕಳಿಗಾಗಿ ಹಣ ಕೂಡಿಸಿತು. ನಮ್ಮ ಡಬ್ಬಗಳಲ್ಲಿ ಅಂಥವೂ ಹಲವು ಇರಬಹುದು.

ಆದರೆ ಈ ವಿಷಯದಲ್ಲಿ ನಾನು ಉಪದೇಶ ಮಾಡತಕ್ಕವನಲ್ಲ, ತಪ್ಪು ಮಾಡಿದವನು. ಧಾರವಾಡದಲ್ಲಿದ್ದ ನನ್ನ ಅಣ್ಣ ವರ್ಷವರ್ಷವೂ ಸಂಕ್ರಾಂತಿಗೆ ಕುಸುರೆಳ್ಳಿನ ಕಾರ್ಡು ಕಳುಹಿಸುತ್ತಿದ್ದ. ಮುದ್ರಿತ ಶುಭಾಶಯದ ಕೆಳಗೆ ತನ್ನ ದುಂಡು ಅಕ್ಷರಗಳಲ್ಲಿ ನಾಲ್ಕು ಸಾಲು ಬರೆಯುತ್ತಿದ್ದ. ಮುಂಬಯಿಯ ಮನೆ ಖಾಲಿ ಮಾಡುವಾಗ ಆ ಕಟ್ಟನ್ನು ಬಿಚ್ಚಿಯೂ ನೋಡದೆ ರದ್ದಿಗೆ ಕೊಟ್ಟೆ. ಮರುವರ್ಷ ಅಣ್ಣ ತೀರಿಕೊಂಡ. ಆಮೇಲೆ ಹುಡುಕಿದಾಗ ಒಂದು ಹಳೆಯ ಪಂಚಾಂಗದ ನಡುವೆ ಒಂದೇ ಒಂದು ಕಾರ್ಡು ಸಿಕ್ಕಿತು. ಎಂಟು ವರ್ಷದ ಮೊಮ್ಮಗಳು ಅದನ್ನು ತಿರುಗಿಸಿ ನೋಡಿ, “ಅಜ್ಜಾ, ಇದರಾಗ ಏನ್ ಬರದಾರ?” ಎಂದು ಕೇಳಿದಳು. ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಓದಬಲ್ಲ ಹುಡುಗಿಗೆ ತನ್ನ ದೊಡ್ಡಜ್ಜನ ಕೈಬರಹ ಬರಿಯ ಚಿತ್ತಾರವಾಗಿತ್ತು. ಕಾರ್ಡುಗಳು ಹೋದುದಕ್ಕಿಂತ ಈ ಪ್ರಶ್ನೆಯೇ ನನ್ನನ್ನು ಹೆಚ್ಚು ನೋಯಿಸಿತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕ್ರಮ ನಡೆದುಬಂದಿದೆ. ಡಬ್ಬದಲ್ಲಿರುವುದನ್ನು ಮೂರು ಪಾಲು ಮಾಡುತ್ತೇವೆ. ಆಪ್ತರ ಕೈಬರಹವುಳ್ಳವು ಮೊದಲನೆಯ ಪಾಲು. ಅವಕ್ಕೆ ಕತ್ತರಿ ತಾಗಕೂಡದು. ಬರಿಯ ಸಹಿಯಿರುವ ಚಿತ್ರದ ಕಾರ್ಡುಗಳು ಎರಡನೆಯ ಪಾಲು. ಇವು ಮಕ್ಕಳಿಗೆ. ಚಿತ್ರವಿಲ್ಲದ, ಹೊಳಪಿಲ್ಲದ ಸಾದಾ ಕಾಗದವು ಮೂರನೆಯದು. “ಪ್ರೀತಿಯಿಂದ ಕಳಿಸಿದ್ದನ್ನ ಕತ್ತರಿಸೋದು ಅಮಂಗಳ ಅಲ್ಲೇನ್ರಿ?” ಎಂದು ನೆರೆಯ ಹಿರಿಯರೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಅರ್ಥವಿದೆ. ಆದುದರಿಂದಲೇ ಮೊದಲ ಪಾಲನ್ನು ಬೇರೆ ಇಡುವುದು. ಹಾಗೆಯೇ ಗಣಪತಿಯ ಚಿತ್ರವಿರಲಿ, ಮೇರಿ ಮಾತೆ ಮತ್ತು ಬಾಲ ಯೇಸುವಿನ ಚಿತ್ರವಿರಲಿ, ಕಾಲಿಗೆ ತಾಗುವ ಆಟಕ್ಕೆ ಬಳಸಬಾರದೆಂಬ ನಿಯಮವನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ಕುಸ್ವಾರಿನ ತಟ್ಟೆಯೊಡನೆ ಕಾರ್ಡು ಕೊಟ್ಟ ಮಂಗಳೂರಿನ ಕ್ರೈಸ್ತ ನೆರೆಯವರ ಭಾವನೆಗೂ ನಮ್ಮ ಭಾವನೆಗಿರುವಷ್ಟೇ ಬೆಲೆಯಿದೆ.

ಎರಡನೆಯ ಪಾಲಿನಿಂದ ಮಾಡಬಹುದಾದವುಗಳಲ್ಲಿ ಅಕ್ಷರದಾಟಕ್ಕೆ ನಾನು ಅಗ್ರಸ್ಥಾನ ಕೊಡುತ್ತೇನೆ. ಕ್ರಿಸ್‌ಮಸ್ ಕಾರ್ಡಿನಿಂದ ನಕ್ಷತ್ರವನ್ನು ಕತ್ತರಿಸಿ, ಇನ್ನೊಂದು ತುಂಡಿನ ಮೇಲೆ ‘ನ’ ಎಂದು ಬರೆಯಿರಿ. ಗಂಟೆಗೆ ‘ಗ’, ಕುರಿಮರಿಗೆ ‘ಕ’, ಹಕ್ಕಿಗೆ ‘ಹ’, ದೀಪಕ್ಕೆ ‘ದ’, ಮೂವರು ಜ್ಞಾನಿಗಳನ್ನು ಹೊತ್ತು ತಂದ ಒಂಟೆಗೆ ‘ಒ’. ಸಂಕ್ರಾಂತಿಯ ಕಾರ್ಡಿನ ಗಾಳಿಪಟಕ್ಕೆ ಮತ್ತೆ ‘ಗ’. ಚಿತ್ರವನ್ನೂ ಅಕ್ಷರವನ್ನೂ ಮಗುವೇ ಹುಡುಕಿ ಜೋಡಿಸಲಿ. ನಾಲ್ವತ್ತೊಂಬತ್ತು ಅಕ್ಷರಗಳನ್ನು ಒಂದೇ ಸಲ ಹೇರಬೇಡಿರಿ. ರವಿವಾರಕ್ಕೆ ನಾಲ್ಕೈದು ಸಾಕು. ‘ಙ’ಕ್ಕೆ ಚಿತ್ರ ಸಿಗದೆಂದು ನಮ್ಮ ಹುಡುಗಿ ಇಡೀ ಡಬ್ಬ ಶೋಧಿಸಿದಳು. ಆ ಶೋಧನೆಯಲ್ಲಿಯೇ ಉಳಿದ ವರ್ಣಮಾಲೆ ಅವಳಿಗೆ ಪರಿಚಿತವಾಯಿತು.

ಪುಟ್ಟ ಪೆಟ್ಟಿಗೆಯೂ ಸುಲಭ. ಕಾರ್ಡಿನ ಚಿತ್ರದ ಭಾಗದಿಂದ 12 ಸೆಂಟಿಮೀಟರಿನ ಚೌಕ, ಹಿಂಭಾಗದಿಂದ 11.7 ಸೆಂಟಿಮೀಟರಿನ ಚೌಕ ಕತ್ತರಿಸಿರಿ. ಎರಡರಲ್ಲಿಯೂ ನಾಲ್ಕು ಅಂಚುಗಳಿಂದ 3 ಸೆಂಟಿಮೀಟರ್ ಒಳಗೆ ಗೆರೆ ಎಳೆದು, ಪ್ರತಿ ಮೂಲೆಯಲ್ಲಿ ಒಂದು ಗೆರೆಯ ಗುಂಟ ಸೀಳಿ, ಮಡಚಿ ಅಂಟಿಸಿದರೆ ದೊಡ್ಡದು ಮುಚ್ಚಳ, ಸಣ್ಣದು ತಳ. ಗುಂಡಿ, ಸೂಜಿ, ಅಂಚೆಚೀಟಿಗಳನ್ನಿಡಲು ಒಪ್ಪುವ ಪೆಟ್ಟಿಗೆ ಸಿದ್ಧ. ಉದ್ದ ತುಂಡುಗಳು ಪುಸ್ತಕದ ಗುರುತುಪಟ್ಟಿಗಳಾಗುತ್ತವೆ. ದೊಡ್ಡ ಚಿತ್ರವನ್ನು ಅಂಕುಡೊಂಕಾಗಿ ಕತ್ತರಿಸಿದರೆ ಜೋಡಣೆಯ ಆಟವಾಗುತ್ತದೆ. ದೀಪಾವಳಿಯ ಆಕಾಶಬುಟ್ಟಿಗೂ ಕ್ರಿಸ್‌ಮಸ್ಸಿನ ನಕ್ಷತ್ರಕ್ಕೂ ಒಂದೇ ಬಿದಿರುಕಡ್ಡಿಯ ಚೌಕಟ್ಟು ಸಾಕು. ಒಳಗೆ ಮಾತ್ರ ಮೇಣದ ಬತ್ತಿಯನ್ನಿಡದೆ ಬಿಸಿಯಾಗದ ಸಣ್ಣ ವಿದ್ಯುದ್ದೀಪವನ್ನಿಡಬೇಕು. ಮೂರನೆಯ ಪಾಲಿನ ಸಾದಾ ಕಾಗದವನ್ನು ಚೂರು ಮಾಡಿ ಒಂದು ರಾತ್ರಿ ನೆನೆಸಿ, ಅಡುಗೆಗೆ ಬಳಸದ ಪಾತ್ರೆಯಲ್ಲಿ ಕುಟ್ಟಿ, ನೀರಿನಲ್ಲಿ ಕದಡಿ, ಜರಡಿಯಲ್ಲಿ ಎತ್ತಿ, ಹಳೆಯ ಪಂಚೆಯ ಮೇಲೆ ಬೋರಲು ಹಾಕಿ ಒಣಗಿಸಿದರೆ ಕಾಗಜೀಪುರದ ವಿದ್ಯೆಯ ರುಚಿ ಮಕ್ಕಳಿಗೆ ಹತ್ತುತ್ತದೆ.

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳೂ ಇರುವುದರಿಂದ ಆ ದೃಷ್ಟಿಯಿಂದ ಕೆಲವು ಮಾತುಗಳು ಅವಶ್ಯ. ಕತ್ತರಿಸುವುದು, ಮಡಚುವುದು, ಅಂಟಿಸುವುದು ಮಕ್ಕಳ ಬೆರಳುಗಳಿಗೂ ಕಣ್ಣು-ಕೈಗಳ ಹೊಂದಾಣಿಕೆಗೂ ಉತ್ತಮ ವ್ಯಾಯಾಮ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂಡಬಾರದೆಂದೂ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ. “ಫೋನ್ ಬಿಡು” ಎಂದು ಗದರಿಸುವ ಬದಲು ಕೈಗೆ ಬೇರೆ ಕೆಲಸ ಕೊಡುವುದು ಮೇಲು. ಚಿಕ್ಕವರಿಗೆ ಮೊಂಡು ತುದಿಯ ಕತ್ತರಿಯನ್ನೇ ಕೊಡಿರಿ. ಕಾರ್ಡಿಗೆ ಅಂಟಿಸಿದ ಮಣಿ, ಗೆಜ್ಜೆ, ಚಮಕಿಗಳನ್ನು ಮೊದಲೇ ಕಿತ್ತು ತೆಗೆಯಿರಿ. ಮೂರು ವರ್ಷದೊಳಗಿನ ಮಕ್ಕಳು ಅವನ್ನು ಬಾಯಿಗೆ ಹಾಕಿಕೊಂಡರೆ ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವುಂಟು. ಮೈದಾಹಿಟ್ಟಿನ ಅಂಟನ್ನು ಮನೆಯಲ್ಲಿಯೇ ಕುದಿಸಿ ಮಾಡಬಹುದು. ಆದರೆ ಹುಳು ಹತ್ತದಿರಲೆಂದು ಹಿಂದಿನವರು ಬೆರೆಸುತ್ತಿದ್ದ ಮೈಲುತುತ್ತ ವಿಷಪದಾರ್ಥ. ಅದನ್ನು ಸರ್ವಥಾ ಸೇರಿಸಕೂಡದು. ಬಣ್ಣದ ಕಾರ್ಡುಗಳಲ್ಲಿ ತಿಂಡಿಯನ್ನು ಬಡಿಸಬಾರದು. ಮುದ್ರಿತ ಕಾಗದದ ಶಾಯಿ ಆಹಾರಕ್ಕೆ ಇಳಿಯುತ್ತದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಎಚ್ಚರಿಸಿತ್ತು. ಪ್ಲಾಸ್ಟಿಕ್ ಹೊದಿಕೆಯ ಕಾರ್ಡುಗಳನ್ನು ನೀರು ಕಾಯಿಸುವ ಒಲೆಗೆ ಹಾಕಿದರೆ ಆ ಹೊಗೆ ಮನೆಮಂದಿಯ ಶ್ವಾಸಕೋಶ ಸೇರುತ್ತದೆ.

ಈ ಕೆಲಸಕ್ಕೆ ಮನೆಯ ಹಿರಿಯರನ್ನೂ ಕೂಡಿಸಿಕೊಳ್ಳಿರಿ. ಸಂಧಿವಾತದಿಂದ ಕತ್ತರಿ ಹಿಡಿಯಲಾಗದವರು ಚಿತ್ರ ಆರಿಸಬಹುದು. ಮರೆವು ಆವರಿಸಿದವರಿಗೆ “ಇದು ಯಾರು ಕಳಿಸಿದ್ದು?” ಎಂದು ಪರೀಕ್ಷೆ ಮಾಡದೆ, ಕಾರ್ಡನ್ನು ಕೈಯಲ್ಲಿಟ್ಟು ಸುಮ್ಮನಿದ್ದರೆ ಎಷ್ಟೋ ಸಲ ತಾವಾಗಿಯೇ ಮಾತಿಗೆ ತೊಡಗುತ್ತಾರೆ.

ಅಂಗಡಿಯಲ್ಲಿ ಸಿದ್ಧ ಸಾಮಗ್ರಿಯ ಪೆಟ್ಟಿಗೆ ದೊರೆಯುವಾಗ ಈ ಹಳೆಯ ಕಾಗದದ ಗೊಡವೆಯೇಕೆ ಎಂದು ಕೇಳುವವರಿದ್ದಾರೆ. ಕೊಂಡ ಪೆಟ್ಟಿಗೆಯಲ್ಲಿ ಬಣ್ಣವಿದೆ, ನೆಂಟರಿಲ್ಲ. ಯಾರು ಕಳುಹಿಸಿದರು, ಯಾವ ಊರಿನಿಂದ, ಅವರು ನಮಗೇನಾಗಬೇಕು ಎಂಬ ಪ್ರಶ್ನೆಗಳು ಹಳೆಯ ಕಾರ್ಡಿನಿಂದ ಮಾತ್ರ ಏಳುತ್ತವೆ. ಅಲ್ಲದೆ, ಶುಭಾಶಯಗಳೆಲ್ಲ ಫೋನಿನಲ್ಲಿ ಬಂದು ಫೋನಿನಲ್ಲಿಯೇ ಅಳಿಯುವ ಈ ದಿನಗಳಲ್ಲಿ ಡಬ್ಬದಲ್ಲಿರುವುದು ಮತ್ತೆ ತುಂಬುವ ನಿಧಿಯಲ್ಲ. ಪರಸ್ಥಳದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡವು ಪಾಠವಾಗಿ ಬಂದರೆ ಭಾರವಾದೀತು. ತಮ್ಮವರ ಪತ್ರ ಓದುವ ಬೀಗದ ಕೈಯಾಗಿ ಬಂದರೆ ತಾವೇ ಕೈಚಾಚಿ ತೆಗೆದುಕೊಂಡಾರು.

ಆದುದರಿಂದ ನಮ್ಮ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಬರುವ ರಾಜ್ಯೋತ್ಸವದ ದಿನ ಸಭಾಗೃಹದ ಒಂದು ಬದಿಗೆ ಒಂದು ಮೇಜು, ಹತ್ತು ಮೊಂಡು ಕತ್ತರಿಗಳು, ಒಂದು ಬಟ್ಟಲು ಅಂಟು ಇಡಿಸಿರಿ. ಸದಸ್ಯರು ತಂತಮ್ಮ ಡಬ್ಬಗಳನ್ನು ತರಲಿ. ಭಾಷಣಗಳು ನಡೆಯುವಾಗ ಮಕ್ಕಳು ಹೊರಗೆ ಓಡಾಡುವ ಬದಲು ಹಿರಿಯರೊಬ್ಬರ ಜೊತೆ ಅಕ್ಷರ ಜೋಡಿಸಲಿ. ಇದಕ್ಕೆ ದೇಣಿಗೆ ಬೇಡ, ಠರಾವೂ ಬೇಡ.

ಕಳೆದ ಸಂಕ್ರಾಂತಿಯಂದು ನಮ್ಮ ಹುಡುಗಿ ಪಂಚಾಂಗದಲ್ಲಿ ಸಿಕ್ಕ ಆ ಕಾರ್ಡನ್ನು ತಾನೇ ತೆಗೆದುಕೊಂಡು ಬಂದಳು. ಒಂದೊಂದು ಅಕ್ಷರಕ್ಕೂ ನಿಂತು, ಒತ್ತಕ್ಷರಗಳಲ್ಲಿ ಎಡವಿ, ಕೊನೆಗೆ ಒಂದು ಸಾಲು ಓದಿದಳು: “ನಿನ್ನ ಬೆನ್ನುನೋವು ಹ್ಯಾಂಗದ? ರಾತ್ರಿ ಎಣ್ಣಿ ಹಚ್ಚಿಕೊಳ್ಳೋದು ಮರೀಬ್ಯಾಡ.” ಆಮೇಲೆ ತಲೆಯೆತ್ತಿ ಕೇಳಿದಳು, “ಹಚ್ಕೊಂಡಿದ್ದ್ಯೇನಜ್ಜಾ?”

ಹಚ್ಚಿಕೊಂಡಿರಲಿಲ್ಲ. ಆ ರಾತ್ರಿ ಹಚ್ಚಿಕೊಂಡೆ.