ಹಳೆಯ ಜೀಪು ಮತ್ತು ಹಳ್ಳದ ನೀರು

ಪರಿಸರದ ವಿಚಾರಕ್ಕೆ ಮೀಸಲಾದ ಈ ಪತ್ರಿಕೆಯ ಸಂಪಾದಕೀಯದಲ್ಲಿ ಜೀಪಿನ ದುರಸ್ತಿಗೇನು ಕೆಲಸವೆಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಳೆದ ಎರಡು ಮಳೆಗಾಲಗಳಲ್ಲಿ ಬೇಗಾರಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ನಾನು ಒಂದು ಹಳೆಯ ಫೋರ್‌ವೀಲ್ ಪಿಕಪ್ಪನ್ನು ಬಿಚ್ಚಿ ಮತ್ತೆ ಜೋಡಿಸಿದೆ. ಆ ಕೆಲಸದ ನಡುವೆ ಮಾಡಿದ ಒಂದು ತಪ್ಪು ನಮ್ಮ ಮನೆಯ ಕೆಳಗಿನ ಹಳ್ಳದವರೆಗೆ ಹೋಯಿತು. ಆ ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ. ಅದಕ್ಕೆ ಮೊದಲು, ಇಷ್ಟು ಹಳೆಯ ವಾಹನವನ್ನು ಗುಜರಿಗೆ ಹಾಕದೆ ಉಳಿಸಿಕೊಂಡದ್ದೇಕೆ ಎಂಬುದನ್ನೂ ವಿವರಿಸಬೇಕು.

ವಾಹನವು 1966ರ ಮಹೀಂದ್ರ ಜೀಪು. ಅಮೆರಿಕದ ವಿಲ್ಲೀಸ್ ಕಂಪನಿಯು 1941ರಲ್ಲಿ ಯುದ್ಧಕ್ಕೆಂದು ತಯಾರಿಸಲಾರಂಭಿಸಿದ ಜೀಪಿನ ವಂಶಕ್ಕೆ ಸೇರಿದ್ದು. ಮೂತಿ ಎತ್ತರವಾಗಿರುವ ಸಿಜೆ-3ಬಿ ಮಾದರಿ. ಯುದ್ಧಕ್ಕೆಂದು ಹುಟ್ಟಿದ ಈ ಗಾಡಿ ನಮ್ಮ ಘಟ್ಟದಲ್ಲಿ ಗೊಬ್ಬರ, ಅಡಿಕೆ, ಬಾಣಂತಿ, ಪರೀಕ್ಷೆಗೆ ಹೊರಟ ಮಕ್ಕಳು, ಕೆಲವೊಮ್ಮೆ ಹೆಣವನ್ನೂ ಹೊತ್ತಿದೆ. ಬಸ್ಸು ಬಾರದ ಊರುಗಳಿಗೆ ಜೀಪೇ ಬಸ್ಸು, ಜೀಪೇ ಆಂಬುಲೆನ್ಸು. 1974ರಲ್ಲಿ ನಮ್ಮ ಅಪ್ಪಯ್ಯ ಕೊಪ್ಪದ ಕಡೆಯ ತೋಟದವರೊಬ್ಬರಿಂದ ಇದನ್ನು ಕೊಂಡರು. ಹಿಂಬದಿಯನ್ನು ಕೊಯ್ಯಿಸಿ, ಹಲಗೆ ಮತ್ತು ತಗಡಿನ ತೊಟ್ಟಿ ಕೂರಿಸಿ ಪಿಕಪ್ ಮಾಡಿಸಿದರು. 1990ರ ಸುಮಾರಿಗೆ 2.2 ಲೀಟರಿನ ಪೆಟ್ರೋಲ್ ಇಂಜಿನ್ನನ್ನು ಇಳಿಸಿ ಡೀಸೆಲ್ ಇಂಜಿನ್ ಏರಿಸಿದರು. ಆಗಲೇ ಅದನ್ನು ಆರ್‌ಸಿ ಪುಸ್ತಕದಲ್ಲಿ ನಮೂದು ಮಾಡಿಸಿದ್ದು ಅವರ ದೂರದೃಷ್ಟಿ. ಹಾಗೆ ಮಾಡಿಸದವರು ನಮ್ಮ ಕಡೆ ಎಷ್ಟೋ ಜನರಿದ್ದಾರೆ. ಅವರ ಪಾಡು ಇಂದು ಕಷ್ಟವಾಗಿದೆ.

ಅಪ್ಪಯ್ಯ ತೀರಿಕೊಂಡ ಮೇಲೆ ಗಾಡಿ ಹನ್ನೊಂದು ವರ್ಷ ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ ನಿಂತಿತ್ತು. ಅಷ್ಟರಲ್ಲಿ ಹಸುಗಳೂ ಮನೆಯಿಂದ ಹೋಗಿದ್ದವು, ಕೊಟ್ಟಿಗೆ ಖಾಲಿಯಾಗಿತ್ತು. ಹಸುಗಳಿಲ್ಲದ ಕೊಟ್ಟಿಗೆಗೆ ಜೀಪನ್ನು ನೂಕಿ ತಂದ ದಿನ ನಮ್ಮ ಅಮ್ಮ ಏನೂ ಹೇಳಲಿಲ್ಲ, ಗೋದಲಿಯ ಹಗ್ಗವನ್ನು ಮಾತ್ರ ಬಿಚ್ಚಿ ಒಳಗಿಟ್ಟರು.

ತುಕ್ಕು ಎಲ್ಲೆಲ್ಲಿ ಹಿಡಿದಿದೆಯೆಂದು ನೋಡಿದಾಗ ವೃತ್ತಿಯಿಂದ ಕೃಷಿ ವಿಜ್ಞಾನಿಯಾದ ನನಗೆ ಒಂದು ವಿಚಿತ್ರ ಕಂಡಿತು. ಮಳೆನೀರು ತಾಗುವ ಮೂತಿ, ಬಾಗಿಲ ಅಂಚು, ಚಕ್ರದ ಮೇಲಿನ ತಗಡು ಇವೆಲ್ಲ ಇನ್ನೂ ಗಟ್ಟಿಯಾಗಿದ್ದವು. ತೊಟ್ಟಿಯ ತಳ ಮಾತ್ರ ಜರಡಿಯಾಗಿತ್ತು. ಕಾರಣ ಮಳೆಯಲ್ಲ, ಮೈಲುತುತ್ತ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮುಗಳನ್ನೂ ಮೈಲುತುತ್ತದ ಚೀಲಗಳನ್ನೂ ಮೂವತ್ತು ವರ್ಷ ಈ ತೊಟ್ಟಿಯಲ್ಲೇ ಸಾಗಿಸಿದ್ದೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸಾಲದಿದ್ದರೆ ಹೊಳೆಯುವ ಕತ್ತಿಯನ್ನು ಅದ್ದಿದಾಗ ಅದರ ಮೇಲೆ ಕೆಂಪು ಕೂರುವುದನ್ನು ಪ್ರತಿಯೊಬ್ಬ ಅಡಿಕೆ ಬೆಳೆಗಾರನೂ ಕಂಡಿದ್ದಾನೆ. ಆ ಕೆಂಪು ತಾಮ್ರ. ತಾಮ್ರ ಕೂರುವಾಗ ಅಷ್ಟೇ ಲೆಕ್ಕದಲ್ಲಿ ಕಬ್ಬಿಣ ಕರಗಿ ಹೋಗುತ್ತದೆ. ನಮ್ಮ ಪಿಕಪ್ಪಿನ ತಳವು ಮೂವತ್ತು ವರ್ಷ ಅದ್ದಿಟ್ಟ ಕತ್ತಿಯಂತಾಗಿತ್ತು. ಜೊತೆಗೆ ಪೊಟ್ಯಾಷ್ ಗೊಬ್ಬರದ ಕ್ಲೋರೈಡು ಬೇರೆ. (ಅದೇ ತಾಮ್ರ ವರ್ಷವರ್ಷವೂ ತೋಟದ ಮಣ್ಣಿನಲ್ಲಿ ಸೇರುತ್ತಿರುವ ವಿಚಾರ ಇನ್ನೊಂದು ಸಂಚಿಕೆಗಿರಲಿ.)

ಕೆಲಸ ಅರ್ಧವಾಗಿದ್ದಾಗ, ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ ರಜೆಗೆಂದು ಊರಿಗೆ ಬಂದ. ಅವನದೊಂದು ಸಲಹೆಯಿತ್ತು. "ಚಿಕ್ಕಪ್ಪ, ಇದಕ್ಕೆ ಐವತ್ತು ವರ್ಷ ದಾಟಿದೆ. ಹಳೆಯ ಪೆಟ್ರೋಲ್ ಇಂಜಿನ್ ಹುಡುಕಿ ಕೂರಿಸಿ, ತೊಟ್ಟಿ ತೆಗೆದು ಮೊದಲಿನ ಬಾಡಿ ಮಾಡಿಸಿದರೆ ವಿಂಟೇಜ್ ಆಗ್ತದೆ. ಬೆಂಗಳೂರಲ್ಲಿ ಕೇಳಿದ ಬೆಲೆ ಕೊಡುವವರಿದ್ದಾರೆ." ಅವನ ಮಾತು ಸುಳ್ಳಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿದೆ. ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನವು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ ಮಾರ್ಪಾಡಾಗಿರಬಾರದು. ಅಂಥದಕ್ಕೆ 'ವಿಎ' ಎಂಬ ವಿಶೇಷ ಸಂಖ್ಯೆ ಸಿಗುತ್ತದೆ. ಆದರೆ ಹಾಗೆ ನೋಂದಣಿಯಾದ ವಾಹನ ಪ್ರದರ್ಶನ, ಮೇಳ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು. ಒಂದು ಮೂಟೆ ಗೊಬ್ಬರ ತರುವಂತಿಲ್ಲ.

ಈ ನಿಯಮ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸಂಗ್ರಹಕಾರರಿಗೆ ಅದು ಬೇಕಾದದ್ದೇ. ಆದರೆ ಮಲೆನಾಡಿನ ಯಾವ ಹಳೆಯ ಜೀಪು ಮೂಲ ರೂಪದಲ್ಲಿ ಉಳಿದಿದೆ? ಪ್ರತಿಯೊಂದನ್ನೂ ತೋಟಕ್ಕೆ, ಏರಿಗೆ, ಕಿಸೆಗೆ ತಕ್ಕಂತೆ ಕೊಯ್ದು ಬೆಸೆಯಲಾಗಿದೆ. ದುಡಿದ ಗಾಡಿಗೆ ಮನ್ನಣೆಯ ದಾರಿ ಮುಚ್ಚಿದೆ. ಮನ್ನಣೆ ಪಡೆದ ಗಾಡಿಗೆ ದುಡಿಯುವ ದಾರಿ ಮುಚ್ಚಿದೆ. ಇತ್ತ ಸಾಮಾನ್ಯ ನೋಂದಣಿಯ ದಾರಿಯೂ ಕಿರಿದಾಗುತ್ತಿದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಹದಿನೈದು ವರ್ಷ ದಾಟಿದ ಖಾಸಗಿ ವಾಹನಕ್ಕೆ ಐದು ವರ್ಷಕ್ಕೊಮ್ಮೆ ನವೀಕರಣ ಬೇಕು. 2025ರ ಆಗಸ್ಟ್‌ನಲ್ಲಿ ಹೊರಟ ಆದೇಶದಂತೆ ಇಪ್ಪತ್ತು ವರ್ಷ ದಾಟಿದ ಲಘು ವಾಹನಕ್ಕೆ ಅದರ ಶುಲ್ಕ 10,000 ರೂಪಾಯಿ. ಬ್ರೇಕು, ಸ್ಟಿಯರಿಂಗು, ಹೊಗೆ ಇವನ್ನು ಎಷ್ಟು ಬಿಗಿಯಾಗಿ ಬೇಕಾದರೂ ಪರೀಕ್ಷಿಸಲಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ದುಡಿಯುವ ಗಾಡಿಗೆ ವಯಸ್ಸೊಂದೇ ದಂಡವಾಗಬಾರದು ಎಂಬುದು ನಮ್ಮ ನಿಲುವು.

ಹೊಗೆಯ ಮಾತು ಬಂದದ್ದರಿಂದ ಒಂದು ಲೆಕ್ಕ. ಹಳೆಯ ಡೀಸೆಲ್ ಇಂಜಿನ್ ಹೊಸ ಬಿಎಸ್-6 ಇಂಜಿನ್ನಿಗಿಂತ ಹೆಚ್ಚು ಮಸಿ ಕಾರುತ್ತದೆ. ಇದನ್ನು ಮುಚ್ಚಿಟ್ಟು ವಾದಿಸುವುದು ಪರಿಸರದವರಿಗೆ ಶೋಭಿಸದು. ಆದರೆ ನಮ್ಮ ಪಿಕಪ್ ವಾರಕ್ಕೆ ನಲವತ್ತು ಕಿಲೋಮೀಟರ್, ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುತ್ತದೆ. ಸುಮಾರು ಇನ್ನೂರು ಲೀಟರ್ ಡೀಸೆಲ್ ಸುಡುತ್ತದೆ. ಲೀಟರಿಗೆ 2.7 ಕಿಲೋದಂತೆ ವರ್ಷಕ್ಕೆ ಅರ್ಧ ಟನ್ನಿಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡು. ಹೊಸ ಪಿಕಪ್ಪಿಗೆ ಬೇಕಾದ ಒಂದು ಟನ್ ಉಕ್ಕು ತಯಾರಿಸುವಾಗಲೇ ಎರಡು ಟನ್ನಿನಷ್ಟು ಹೊರಬಿದ್ದಿರುತ್ತದೆ. ಅಂದರೆ ನಮ್ಮ ಗಾಡಿಯ ನಾಲ್ಕು ವರ್ಷದ ಡೀಸೆಲ್ಲಿನ ಲೆಕ್ಕ ಹೊಸ ಗಾಡಿಯ ಉಕ್ಕಿನಲ್ಲೇ ಮುಗಿಯಿತು. ಟೈರು, ಗಾಜು, ಪ್ಲಾಸ್ಟಿಕ್ಕಿನದು ಬೇರೆ, ಹೊಸ ಗಾಡಿಯೂ ಸುಡುವ ಡೀಸೆಲ್ಲಿನದು ಬೇರೆ. ದಿನಕ್ಕೆ ನೂರು ಕಿಲೋಮೀಟರ್ ಬಾಡಿಗೆ ಓಡಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಹೊಸದನ್ನು ಕೊಳ್ಳುವುದೇ ಸರಿ.

ಗಾಡಿ ಉಳಿಸಿಕೊಂಡು ಗುಡ್ಡದ ಹುಲ್ಲುಗಾವಲಿಗೂ ಹಳ್ಳದ ಪಾತ್ರಕ್ಕೂ ನುಗ್ಗಿಸುವ ಮೋಜಿಗೆ ಮಾತ್ರ ನಮ್ಮ ಬೆಂಬಲವಿಲ್ಲ. ಲೋ ಗೇರಿನಲ್ಲಿ ಚಕ್ರದ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ. ಆ ಬಲವಿರುವುದು ಕೆಸರಿನಲ್ಲಿ ಹೂತ ಅಡಿಕೆ ಲೋಡನ್ನು ಎತ್ತಲಿಕ್ಕೆ. ನೆತ್ತಿಯ ಹುಲ್ಲಿನ ಮೇಲೆ ಬಿದ್ದ ಎರಡು ಗೀರು ಒಂದೇ ಮಳೆಗಾಲದಲ್ಲಿ ಕೊರಕಲಾಗುವುದನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಮೊದಲ ವರ್ಷದ ಜುಲೈನಲ್ಲಿ ಇಂಜಿನ್ನಿನ ಹಳೆಯ ಆಯಿಲನ್ನು ಇಳಿಸಿದೆ, ಐದು ಲೀಟರಿನಷ್ಟಿತ್ತು. ಗೇರುಬಾಕ್ಸು, ಫೋರ್‌ವೀಲ್ ಬಾಕ್ಸು, ಎರಡು ಡಿಫರೆನ್ಷಿಯಲ್ಲುಗಳಿಂದ ಮತ್ತೆ ನಾಲ್ಕು ಲೀಟರ್. ಬೇರಿಂಗು, ಜಾಯಿಂಟ್ ಕ್ರಾಸು ತೊಳೆದ ಡೀಸೆಲ್ ಬೇರೆ. ಎಲ್ಲವನ್ನೂ ಅಗಲ ಬಾಯಿಯ ಬಾನಿಯೊಂದರಲ್ಲಿ ತುಂಬಿ ಕೊಟ್ಟಿಗೆಯ ಸೂರಿನ ಕೆಳಗಿಟ್ಟು, ನಾಳೆ ಡಬ್ಬಿಗೆ ತುಂಬಿದರಾಯಿತೆಂದು ಮಲಗಿದೆ. ರಾತ್ರಿ ಮಳೆ ಹಿಡಿಯಿತು. ಸೂರಿನ ನೀರು ನೇರವಾಗಿ ಬಾನಿಗೆ ಬಿತ್ತು. ನೀರು ತಳಕ್ಕಿಳಿಯಿತು, ಎಣ್ಣೆ ಮೇಲೆದ್ದು ಅಂಚಿನಿಂದ ಹರಿಯಿತು. ಬೆಳಿಗ್ಗೆ ಅಮ್ಮ ಹಳ್ಳದ ಕಡೆಯಿಂದ ಬಂದವರು, "ನೀರಲ್ಲಿ ಕಾಮನಬಿಲ್ಲು ಬಿದ್ದಿದೆ, ಏನು ನೋಡು" ಎಂದರು. ಬಾನಿಯಲ್ಲಿ ಬರಿಯ ನೀರು ಉಳಿದಿತ್ತು.

ಆ ಹಳ್ಳ ತೋಟದ ಬಸಿಗಾಲುವೆಯ ನೀರನ್ನೂ ಕೂಡಿಸಿಕೊಂಡು ತುಂಗೆಗೆ ಸೇರುತ್ತದೆ. ನೀರಿನ ಮೇಲೆ ಕಾಲೂರಿ ಓಡಾಡುವ ಹುಳುಗಳು ನಮ್ಮ ಮಡುವಿನಲ್ಲಿ ಮೂರು ದಿನ ಕಾಣಲಿಲ್ಲ. ಎಣ್ಣೆಯ ಪೊರೆ ನೀರಿನ ಮೇಲ್ಮೈಯ ಬಿಗುವನ್ನು ಸಡಿಲಿಸುತ್ತದೆ, ಗಾಳಿಯ ಆಮ್ಲಜನಕ ಒಳಗಿಳಿಯದಂತೆ ತಡೆಯುತ್ತದೆ. ಸೊಳ್ಳೆಮರಿ ಕೊಲ್ಲಲು ನಿಂತ ನೀರಿಗೆ ಎಣ್ಣೆ ಬಿಡುತ್ತಿದ್ದುದೂ ಅದೇ ಕಾರಣಕ್ಕಲ್ಲವೇ? ಕಪ್ಪೆಮರಿಗೂ ಮೀನುಮರಿಗೂ ಬೇರೆ ನ್ಯಾಯವಿಲ್ಲ. ಮಣ್ಣಿನ ಬಗ್ಗೆ ಪಾಠ ಮಾಡಿ ಸಂಬಳ ತೆಗೆದುಕೊಂಡವನ ಮನೆಯಿಂದ ಇದು ನಡೆಯಿತು.

ನಾನೊಬ್ಬನೇ ಹೀಗೆ ಮಾಡಿದವನೆಂದು ಹೇಳಿ ವಿಷಯವನ್ನು ಮುಗಿಸುವಂತಿಲ್ಲ. ನಮ್ಮ ಕಡೆ ಸುಟ್ಟ ಆಯಿಲನ್ನು ಯಾರೂ ಚೆಲ್ಲುವುದಿಲ್ಲ. ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೆ, ಮನೆಯ ತೊಲೆಗೆ, ಮರಕೊಯ್ಯುವ ಯಂತ್ರದ ಚೈನಿಗೆ ಹಚ್ಚುತ್ತಾರೆ. ಉಪಯೋಗಿಸಿದಂತಾಯಿತು ಎಂಬ ಸಮಾಧಾನ. ಆದರೆ ಇಂಜಿನ್ನಿನಲ್ಲಿ ಕುದಿದ ಆಯಿಲು ಹೊಸ ಆಯಿಲಿನಂತಲ್ಲ. ಅದರಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಸುಟ್ಟ ಹೈಡ್ರೋಕಾರ್ಬನ್ನುಗಳಿವೆ, ಬೇರಿಂಗಿನಿಂದ ಸವೆದ ಲೋಹಗಳಿವೆ, ಸತುವಿದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಗೂಟಕ್ಕೆ ಹಚ್ಚಿದ್ದು ಗೂಟದಲ್ಲೇ ಇರುವುದೆಂದು ನಂಬುವುದು ಕಷ್ಟ. ಬರಿಗೈಯಲ್ಲಿ ಬಟ್ಟೆ ಅದ್ದಿ ಹಚ್ಚುವ ಕೂಲಿಯವರ ಚರ್ಮದ ಮಾತೂ ಇದೆ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ, ಹಳೆಯ ಗಾಡಿ ಬಿಚ್ಚಲು ಹೊರಟ ವಿದ್ಯಾರ್ಥಿಗಳಿಗಾಗಿ. ಆ ಕಾಲದ ಬ್ರೇಕ್ ಲೈನರಿನಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಉಜ್ಜುವಾಗಲೂ ಒದ್ದೆ ಮಾಡಿಯೇ ಉಜ್ಜಿ, ಮಕ್ಕಳನ್ನು ದೂರವಿಡಿ. ಪೆಟ್ರೋಲ್ ಇಂಜಿನ್ ಉಳಿಸಿಕೊಂಡಿರುವವರು ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಬದಲಾಯಿಸಿಕೊಳ್ಳಿ. ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20 ಎಥೆನಾಲಿನ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುತ್ತದೆ, ನಮ್ಮ ತೇವದ ಹವೆಯಿಂದ ನೀರನ್ನೂ ಎಳೆದುಕೊಳ್ಳುತ್ತದೆ. ಬಿಡಿಭಾಗ ತೊಳೆದ ಡೀಸೆಲ್ಲನ್ನು ಒಂದು ವಾರ ಅಲುಗಿಸದೆ ಇಟ್ಟರೆ ಕೊಳೆ ತಳಕ್ಕಿಳಿಯುತ್ತದೆ. ಮೇಲಿನದನ್ನು ಮತ್ತೆ ತೊಳೆಯಲು ಬಳಸಬಹುದು. ನಾಲ್ಕು ತಿಂಗಳು ನಾನು ಎರಡೇ ಲೀಟರಿನಲ್ಲಿ ತೊಳೆದೆ. ಮುರಿದ ಪ್ಲೇಟುಗಳನ್ನು ಗುಜರಿಗೆ ಕೊಡದೆ ಕಮ್ಮಾರರಿಗೆ ಕೊಟ್ಟಿದ್ದೇನೆ; ಒಳ್ಳೆಯ ಕತ್ತಿಗಳಾಗಿವೆ.

ಸುಟ್ಟ ಆಯಿಲು ಅಪಾಯಕಾರಿ ತ್ಯಾಜ್ಯವೆಂದು 2016ರ ನಿಯಮಗಳೇ ಹೇಳುತ್ತವೆ. ಆಯಿಲು ತಯಾರಿಸಿ ಮಾರುವ ಕಂಪನಿಗಳು ಬಳಸಿದ ಆಯಿಲಿನ ಮರುಸಂಸ್ಕರಣೆಗೂ ಹೊಣೆಯಾಗಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹೊಸ ಡಬ್ಬಿಗಳು ನಮ್ಮೂರ ಅಂಗಡಿಗೂ ತಪ್ಪದೆ ಬರುತ್ತವೆ. ಹಳೆಯ ಆಯಿಲನ್ನು ಒಯ್ಯಲು ಬಂದ ಗಾಡಿಯನ್ನು ಮಾತ್ರ ನಾನು ಈ ಕಡೆ ಇನ್ನೂ ಕಂಡಿಲ್ಲ. ಪಂಚಾಯಿತಿಗಳು ಇದನ್ನು ಕೇಳಬೇಕು. ಗ್ಯಾರೇಜಿನ ಮೇಸ್ತ್ರಿಗಳನ್ನು ಇದರಲ್ಲಿ ದೂರುವುದು ಅನ್ಯಾಯ. ಕೊಂಡೊಯ್ಯುವವರೇ ಇಲ್ಲದ ವಸ್ತುವನ್ನು ಅವರು ಎಷ್ಟು ದಿನ ಕಾಯ್ದುಕೊಂಡಾರು?

ಅಲ್ಲಿಯವರೆಗೆ ನಮ್ಮಿಂದಾಗುವುದನ್ನು ಮಾಡೋಣವೆಂದು ಬಳಗದ ಕಳೆದ ಸಭೆಯಲ್ಲಿ ಮಾತಾಗಿದೆ. ಬೇಗಾರಿನ ನಮ್ಮ ಕೊಟ್ಟಿಗೆಯಲ್ಲಿ, ಮಳೆ ಎರಚಲು ತಾಗದ ಒಳಮೂಲೆಯಲ್ಲಿ, ಮುಚ್ಚಳವಿರುವ ಒಂದು ಡ್ರಮ್ಮನ್ನು ಇಟ್ಟಿದ್ದೇವೆ. ತುಂಬಿದ ಮೇಲೆ ಪರವಾನಗಿಯಿರುವ ಮರುಸಂಸ್ಕರಣೆಯವರಿಗೆ ತಲುಪಿಸಿ, ರಸೀದಿಯನ್ನು ಈ ಪತ್ರಿಕೆಯಲ್ಲಿ ಅಚ್ಚು ಮಾಡುತ್ತೇವೆ. ಬೈಕು, ಜೀಪು, ಟಿಲ್ಲರು, ಪಂಪ್‌ಸೆಟ್ಟು ಯಾವುದರ ಆಯಿಲಾದರೂ ಸರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತನ್ನಿ. ನೀರು, ಪೆಟ್ರೋಲು, ಬ್ರೇಕ್ ಆಯಿಲು ಬೆರೆಸಬೇಡಿ, ಬೆರೆತರೆ ಅವರು ತೆಗೆದುಕೊಳ್ಳುವುದಿಲ್ಲ. ದೂರದ ಮನೆಗಳವರು ಹೇಳಿಕಳಿಸಿದರೆ ಶನಿವಾರ ಪಿಕಪ್ಪಿನಲ್ಲಿ ನಾನೇ ಬಂದು ಒಯ್ಯುತ್ತೇನೆ. ತೊಟ್ಟಿಗೆ ಹೊಸ ತಳ ಹಾಕಿಸಿದೆ. ಈಗ ಡ್ರಮ್ಮಿನಲ್ಲಿ ಹದಿನಾಲ್ಕು ಲೀಟರಿದೆ.